ಬೆಕ್ಕನ್ನೂ ತೋರಿಸಿದ ಕ್ಯಾಮೆರಾ

ಮೊಟ್ಟೆಯಿಡುವ ಕಾಲ ಹತ್ತಿರವಾಗಿದ್ದ ಗೊರವಂಕವೊಂದು ಗೂಡಿಗೆ ಜಾಗ ಹುಡುಕುತ್ತಾ ನಗರಕ್ಕೆ ಬಂತು. ಹೊಸಬರಿಗೆಲ್ಲ ಅಲ್ಲಿನ ಬಡಾವಣೆಗಳ ಚಿತ್ರ ತೆಗೆದು ತೋರಿಸುತ್ತಿದ್ದ ಹಳೆಯ ಕ್ಯಾಮೆರಾದ ಬಳಿ ಹೋಗಿ ಕೇಳಿತು. ಅದು ತೋರಿಸಿದ ಹೂಬಳ್ಳಿಯ ಮಹಡಿ ಗೊರವಂಕಕ್ಕೆ ನೋಡಿದೊಡನೆ ಹಿಡಿಸಿತು.

"ತಾಳಮ್ಮ, ಅದೇ ಮಹಡಿಯ ಸಂಜೆಯ ಚಿತ್ರವನ್ನೂ ನೋಡು," ಎಂದಿತು ಕ್ಯಾಮೆರಾ. ಅದರಲ್ಲಿ ಬಳ್ಳಿಯ ಬುಡದಲ್ಲೇ ಬೆಕ್ಕೊಂದು ಮೈಚಾಚಿ ಮಲಗಿತ್ತು.

ಗೊರವಂಕಕ್ಕೆ ಸಿಟ್ಟು ಬಂತು. "ಆಸೆ ಹುಟ್ಟಿಸಿ ಯಾಕಣ್ಣ ಕೆಡಿಸಿದೆ? ಬೆಕ್ಕನ್ನು ಬಿಟ್ಟು ತೆಗೆಯಬಹುದಿತ್ತಲ್ಲ?"

"ಬಿಟ್ಟಿದ್ದರೆ ಅದು ಚಿತ್ರದಿಂದ ಹೋಗುತ್ತಿತ್ತು, ಮಹಡಿಯಿಂದ ಹೋಗುತ್ತಿರಲಿಲ್ಲ," ಎಂದ ಕ್ಯಾಮೆರಾ ಗಿರಣಿ ಬೀದಿಯ ಚಿತ್ರ ತೋರಿಸಿತು. "ಇಲ್ಲಿ ಹಗಲೆಲ್ಲ ಗದ್ದಲ. ಆದರೆ ಹಿಟ್ಟಿನ ಗಿರಣಿಯ ಗೋಡೆಯಲ್ಲಿ ಎತ್ತರಕ್ಕೊಂದು ತೂತಿದೆ, ಬೆಕ್ಕು ಹತ್ತಲಾರದು."

ಒಲ್ಲದ ಮನಸ್ಸಿನಿಂದಲೇ ಗೊರವಂಕ ಅಲ್ಲಿ ಗೂಡು ಕಟ್ಟಿತು. ಮೊಟ್ಟೆಗಳೆಲ್ಲ ಮರಿಗಳಾದವು, ಮರಿಗಳೆಲ್ಲ ರೆಕ್ಕೆ ಬಲಿತು ಹಾರಿದವು. ಹಾರಲು ಕಲಿತ ದಿನವೇ ತಾಯಿ ಅವುಗಳನ್ನು ಕರೆದುಕೊಂಡು ಕ್ಯಾಮೆರಾದ ಮುಂದೆ ಬಂದು ಕೂತಿತು.

"ಇವು ಉಳಿದದ್ದು ನಿನ್ನಿಂದಣ್ಣ. ಗಿರಣಿ ಬೀದಿಯ ಚಿತ್ರಗಳ ಜೊತೆ ಇವುಗಳದೂ ಒಂದಿರಲಿ."

ಮರಿಯೊಂದು ರೆಕ್ಕೆಗಂಟಿದ ಹಿಟ್ಟನ್ನು ಕೊಡವಲು ಹೋಯಿತು. ತಾಯಿ ತಡೆಯಿತು.

"ಇರಲಿ ಬಿಡು ಮಗಾ. ಮುಂದೆ ಬರುವ ತಾಯಂದಿರು ನಮ್ಮನ್ನು ಇದ್ದ ಹಾಗೇ ನೋಡಲಿ."