ದೂರದವರ ಚಾಪೆ

“ಅಯ್ಯನವರೇ, ದೂರದ ಜನಾಂಗಗಳೆಲ್ಲ ದೇವರ ಬಳಿ ಕೂಡಿಬರುವವು ಎಂದು ಪ್ರವಾದಿ ಹೇಳಿದ್ದಾನೆ. ಆಗಲೇ ಬಂದಾಯಿತು ಎಂದು ಕೆಲವರು, ಕಡೆಯ ಕಾಲದಲ್ಲಿ ಬರುತ್ತಾರೆ ಎಂದು ಕೆಲವರು. ಆ ದೂರದವರು ಯಾರು? ಭಾನುವಾರದ ಪ್ರಸಂಗದಲ್ಲಿ ನಾನು ಯಾರನ್ನು ತೋರಿಸಲಿ?” ಎಂದು ಶಿಷ್ಯ ಯೋಬಪ್ಪ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನ ಸಭೆಯಲ್ಲೂ ಇದೇ ಜಗಳವಿತ್ತು. ಗ್ರಂಥ ಓದಿದವರು ಹೆಚ್ಚಾದ ಕಡೆ ಜಗಳಕ್ಕೇನು ಬರ? ಕಡೆಗೆ ಒಂದು ಮಾತಿಗೆ ಎಲ್ಲರೂ ಒಪ್ಪಿದರು. ಯಾರೇ ಬರಲಿ, ಯಾವಾಗಲೇ ಬರಲಿ, ಬಂದವರಿಗೆ ಜಾಗವಿರಬೇಕು. ಅಂದಿನಿಂದ ಪ್ರತಿ ಕ್ರಿಸ್‌ಮಸ್ ಹಬ್ಬಕ್ಕೆ ಪೀಠದ ಮುಂದೆ ಹೊಸ ಈಚಲು ಚಾಪೆಯೊಂದನ್ನು ಹಾಸಿ ಖಾಲಿ ಬಿಡುವುದು ಪದ್ಧತಿಯಾಯಿತು. ಉಳಿದ ಜಾಗವೆಲ್ಲ ಮನೆತನಕ್ಕಿಷ್ಟು ಎಂದು ಮೊದಲೇ ಹಂಚಿಹೋಗಿತ್ತು.

ಆ ಚಾಪೆ ಹೆಣೆಯುತ್ತಿದ್ದವಳು ಅದೇ ಊರಿನ ಕೊನೆಯ ಗುಡಿಸಲಿನ ಹೆಂಗಸು. ಹನ್ನೆರಡು ವರ್ಷ ಬಾಗಿಲಲ್ಲೇ ಚಾಪೆ ಕೊಟ್ಟು, ನಿಂತು ಹಾಡು ಕೇಳಿ, ಹೋಗುತ್ತಿದ್ದಳು. ಗಂಡನನ್ನು ಮಣ್ಣು ಮಾಡಿದ ವರ್ಷ ಅವಳಿಂದ ತಡೆಯಲಾಗಲಿಲ್ಲ. ಒಳಗೆ ಕೂತು ದೇವರೆದುರು ಒಮ್ಮೆ ಅತ್ತುಬಿಡಬೇಕು ಎನಿಸಿತು. “ಈ ಚಾಪೆ ಮೇಲೆ ನಾನು ಕೂತ್ಕೊಳ್ಲಾ ಸ್ವಾಮಿ?” ಎಂದು ಸಭೆಯ ಹಿರಿಯನನ್ನು ಕೇಳಿದಳು.

“ಇದು ದೂರದೋರಿಗಮ್ಮ. ನೀನು ಇಲ್ಲೇ ಇರೋಳು.”

“ಎಷ್ಟು ದೂರ ಹೋದ್ರೆ ದೂರದೋಳಾಗ್ತೀನಿ?”

ಹಿರಿಯನಿಗೆ ನಗು ಬಂತು. “ಅಗೋ, ಆ ಏಳು ಬೆಟ್ಟ ದಾಟಿ ಬಾ, ನೋಡೋಣ” ಎಂದು ಬಾಗಿಲು ಮುಂದೆ ಮಾಡಿದ. ಅವನು ಆಡಿದ್ದು ತಮಾಷೆಗೆ. ಅವಳು ಅದನ್ನು ಅಪ್ಪಣೆ ಎಂದುಕೊಂಡಳು.

ಮರುವರ್ಷ ಹೊಸ ಚಾಪೆ ಬರಲಿಲ್ಲ. ಯಾಕೆಂದು ಯಾರೂ ವಿಚಾರಿಸಲೂ ಇಲ್ಲ, ಹಳೆಯದನ್ನೇ ಕೊಡವಿ ಹಾಸಿದರು. ಹಾಡು ಅರ್ಧವಾಗಿತ್ತು, ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಬಟ್ಟೆಯೆಲ್ಲ ಕೆಂಧೂಳು, ಅಂಗಾಲು ಒಡೆದು ರಕ್ತ. ಹಿರಿಯ ಓಡಿಹೋಗಿ ಕೈಹಿಡಿದು ಕರೆತಂದು ಚಾಪೆಯ ಮೇಲೆ ಕೂರಿಸಿದ. ಪ್ರವಾದನೆ ನೆರವೇರಿತು ಎಂದು ಸಭೆಯೆಲ್ಲ ಎದ್ದು ನಿಂತಿತು.

“ಯಾವ ದೇಶದಿಂದ ಬಂದ್ರಿ ತಾಯಿ?”

“ಇದೇ ಊರು ಸ್ವಾಮಿ. ನೀವು ಹೇಳಿದಷ್ಟು ದೂರ ಹೋಗಿ ಬಂದೆ.”

ಹಿರಿಯ ಬಗ್ಗಿ ಅವಳ ಮುಖ ನೋಡಿದ. ಹನ್ನೆರಡು ವರ್ಷವೂ ಅವನು ನೋಡಿದ್ದು ಚಾಪೆಯನ್ನು, ತಂದವಳ ಮುಖವನ್ನಲ್ಲ. ಕೈಯಲ್ಲಿದ್ದ ಗ್ರಂಥ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಬೇಕೆಂದು ಕೂಡ ಯಾರಿಗೂ ತೋಚಲಿಲ್ಲ. ಅವಳು ಮಾತ್ರ, ತಾನೇ ಹೆಣೆದ ಚಾಪೆಗೆ ಹಣೆಯಿಟ್ಟು, ವರ್ಷದಿಂದ ಹಿಡಿದಿಟ್ಟ ಅಳುವನ್ನೆಲ್ಲ ಅತ್ತಳು.

ಕತೆ ಕೇಳಿ ಯೋಬಪ್ಪನಿಗೆ ಮೈಯೆಲ್ಲ ಉರಿದುಹೋಯಿತು. “ಎಂಥ ಮನುಷ್ಯ ಅಯ್ಯನವರೇ! ದೇವರ ಮನೆಯೊಳಗೇ ಇದ್ದವನು ಹೊರಗಿನವಳಿಗೆ ಹೀಗಾ ಮಾಡುವುದು?”

ಗುರುಗಳು ಅವನನ್ನೇ ನೋಡಿ ಅಂದರು: “ಪ್ರವಾದಿ ಸಮುದ್ರದಾಚೆಯ ತನ್ನ ನಾಡಲ್ಲಿ ಆ ಮಾತಾಡಿದ ದಿನ ದೂರದವರು ಅಂತ ಇದ್ದದ್ದು ನಾವೇ ಕಣಪ್ಪ. ಆ ಹಿರಿಯನೂ ನೀನೂ ನಾನೂ ಇಷ್ಟು ದಿನ ಕೂತಿರುವುದು ಆ ಚಾಪೆಯ ಮೇಲೆಯೇ.”