ಎರಡನೆಯ ಮೈಲಿ

ಅರಬ್ಬೀ ಸಮುದ್ರ ನನ್ನನ್ನು ಕಂಡರೆ ಎದ್ದು ದಾರಿ ಬಿಡುತ್ತಿದ್ದ ಕಾಲವದು. ಉಬ್ಬರ ಕೂಡ ನನ್ನ ಅಪ್ಪಣೆ ಕೇಳಿಯೇ ಹೊಳೆಗೆ ನುಗ್ಗುತ್ತಿತ್ತು. ಬೊನವೆಂತೂರ ಸಾಹುಕಾರರು ಮಾತ್ರ ನನ್ನನ್ನು ಬರೀ ದೋಣಿಯವನೆಂದೇ ತಿಳಿದಿದ್ದರು.

ಪ್ರತಿ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಕೂಡಲೇ ನಾನು ಅವರನ್ನು ಹೊಳೆಯಲ್ಲಿ ಒಂದು ಮೈಲಿ ಕೆಳಗಿನ ಬಂಗಲೆಗೆ ಇಸ್ಪೀಟಾಡಲು ಬಿಟ್ಟಿಯಾಗಿ ಒಯ್ಯಬೇಕು. ಅವತ್ತು ಪೂಜೆಯ ನಂತರ ಅದೇ ಇಗರ್ಜಿಯಲ್ಲಿ ನನ್ನ ಮಗಳ ಜ್ಞಾನಸ್ನಾನ.

"ಇವತ್ತೊಂದು ದಿನ ಬಿಡಿ ಸ್ವಾಮಿ" ಎಂದೆ.

"ಸುವಾರ್ತೆ ಕೇಳಿಲ್ವೇನೋ? ಒಂದು ಮೈಲಿ ಬಾ ಅಂದವನ ಜೊತೆ ಎರಡು ಮೈಲಿ ಹೋಗು ಅಂದಿದ್ದಾರೆ ಯೇಸುಸ್ವಾಮಿ. ಹಾಕು ಹುಟ್ಟು!"

ಹಾಕಿದೆ. ಬಂಗಲೆ ಬಂತು. ಬಂಗಲೆ ಹಿಂದಕ್ಕೂ ಸರಿಯಿತು.

"ಎಲ್ಲಿಗೋ ಮಾರಾಯ?"

"ಎರಡನೆಯ ಮೈಲಿಗೆ ಸ್ವಾಮಿ. ಮೊದಲನೆಯದು ನಿಮ್ಮ ಅಪ್ಪಣೆ, ಇದು ಯೇಸುಸ್ವಾಮಿಯದು."

ಹೊಳೆ ಕಡಲು ಸೇರುವ ಅಳಿವೆಯ ತೆರೆಗಳು ದೋಣಿಯನ್ನು ತೊಟ್ಟಿಲಂತೆ ತೂಗತೊಡಗಿದವು.

"ಆ ಹುಟ್ಟು ಕೊಡೋ ಇಲ್ಲಿ!" ಎಂದು ಸಾಹುಕಾರರು ಕಿರುಚಿದರು.

"ಕೇಳಿದವನಿಗೆ ಕೊಡು ಅಂತಲೂ ಅದೇ ಸುವಾರ್ತೆಯಲ್ಲಿದೆ" ಎಂದು ಎರಡೂ ಹುಟ್ಟುಗಳನ್ನು ಅವರ ಮಡಿಲಿಗಿಟ್ಟು, ಕೊಡೆ ಬಿಡಿಸಿ ಕೂತೆ.

ದೋಣಿ ಗಿರಗಿರನೆ ತಿರುಗಿತು. ಸಾಹುಕಾರರು ತಮಗೆ ಗೊತ್ತಿದ್ದ ಸಂತರನ್ನೆಲ್ಲ ಕೂಗಿದರು. ಒಬ್ಬ ಸಂತರಿಗೂ ಹುಟ್ಟು ಹಾಕಲು ಬರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಎರಡನ್ನೂ ನನ್ನ ಕಡೆ ತಳ್ಳಿ ಅಂದರು: "ಭಾನುವಾರ ಆಳನ್ನು ದುಡಿಸಬಾರದು ಅಂತ ದೇವರ ಕಟ್ಟಳೆಯೇ ಇದೆ ಕಣೋ! ತಿರುಗಿಸು, ಮನೆಗೆ ಹೋಗು!"

ದೋಣಿ ತಿರುಗಿಸಿ ಬಾಣದಂತೆ ಬಿಟ್ಟೆ. ಮಗಳ ತಲೆಗೆ ನೀರು ಬೀಳುವಾಗ ನಾನು ಮುಂದಿನ ಸಾಲಿನಲ್ಲಿ ಎದೆ ಸೆಟೆಸಿ ನಿಂತಿದ್ದೆ.

ಆ ಕಟ್ಟಳೆಯನ್ನು ಸಾಹುಕಾರರಷ್ಟು ಭಕ್ತಿಯಿಂದ ಪಾಲಿಸುವವರು ಈಗ ನಮ್ಮೂರಲ್ಲೇ ಇಲ್ಲ. ಭಾನುವಾರ ಇಸ್ಪೀಟಿಗೆ ನಡೆದೇ ಹೋಗುತ್ತಾರೆ.