ಕಿರೀಟದ ಒಳಗೇನಿದೆ

“ಅಣ್ಣಾ, ಕಡಲ ಕಡೆಗೆ ಹೋಗುವ ದಾರಿ ಯಾವುದು?” ಎಂದು ಮೊರೆನಿಕೆ ಕೇಳಿದರೆ ಡಂಗುರದವನು ಸಾರಿದ್ದೇ ಬೇರೆ: “ಇಜೇರು ಸೀಮೆಯ ಅರಸ, ಮಹಾ ಒಬಾ ಕೇಳುವ ಮೂರು ಒಗಟು ಬಿಡಿಸಿದವರಿಗೆ ದೊರೆಯ ಕೊರಳಿನ ಹವಳದ ಸರ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವರ ತಲೆ ಹೆಬ್ಬಾಗಿಲ ಮೇಲೆ!” ಅವಳು ಮತ್ತೆ ಕೇಳಿದಳು, ಅವನು ಮತ್ತೆ ಅದನ್ನೇ ಸಾರಿದ. ಡಂಗುರದ ನಡುವೆ ಬೇರೆ ಮಾತಾಡಿದರೆ ಅವನ ತಲೆಯೂ ಅಲ್ಲಿಗೇ ಹೋಗುತ್ತಿತ್ತು.

ಉಪ್ಪಿನ ಬುಟ್ಟಿ ಹೊತ್ತು ಊರೂರು ಅಲೆಯುವವಳಿಗೆ ದಾರಿ ತಪ್ಪುವುದು ಹೊಸದಲ್ಲ. ಆದರೆ ಈ ಸಲ ಕಾಡು ಅವಳನ್ನು ಸುತ್ತಿಸಿ ಸುತ್ತಿಸಿ ಗಂಟಲು ಒಣಗಿಸಿಬಿಟ್ಟಿತ್ತು. ಕವಲುದಾರಿಯ ಗುಡಿಸಲ ಮುಂದೆ ಕುಸಿದಾಗ ಸೋರೆಬುರುಡೆಯ ನೀರನ್ನು ಬಾಯಿಗೆ ಹಿಡಿದವಳು ಯೇಜಿದೆ ಎಂಬ ಮುದುಕಿ.

“ಜೀವ ಉಳಿಸಿದೆ, ಅವ್ವಾ. ಈ ಋಣಕ್ಕೆ ಏನು ಕೊಡಲಿ? ಉಪ್ಪು ಬೇಕಾ?”

“ಉಪ್ಪು ಕಣ್ಣೀರಲ್ಲೇ ಬೇಕಾದಷ್ಟಿದೆ. ನನ್ನ ಮಗನ ತಲೆ ತಂದುಕೊಡು.”

ಹಿಂದೆ ಅರಮನೆಯಲ್ಲಿ ಒಬಾನ ಬೆನ್ನ ಹಿಂದೆ ನಿಂತು ಮಣಿಕಿರೀಟ ತೊಡಿಸುವ ಕೆಲಸ ಯೇಜಿದೆಯದೇ ಆಗಿತ್ತು. ಕಿರೀಟದ ಒಳಗನ್ನು ಒಬಾ ಎಂದೂ ನೋಡಬಾರದು, ನೋಡಿದವನು ಆ ಕ್ಷಣದಿಂದ ಅರಸನಲ್ಲ, ವಿಷ ಕುಡಿಯಬೇಕು ಎಂಬುದು ಆ ನಾಡಿನ ಕಟ್ಟಳೆ. ಮೊದಲೆರಡು ಒಗಟು ದಿನಕ್ಕೊಮ್ಮೆ ಬದಲಾಗುತ್ತಿದ್ದವು. ಮೂರನೆಯದು ಮಾತ್ರ ಯಾವತ್ತೂ ಒಂದೇ: ಕಿರೀಟದ ಒಳಗೇನಿದೆ? ಕಣ್ಣಾರೆ ಕಂಡಿದ್ದ ಮುದುಕಿ ಮಗ ದುರೋನಿಗೆ ಸರಿಯುತ್ತರವನ್ನೇ ಹೇಳಿಕೊಟ್ಟು ಕಳಿಸಿದ್ದಳು. ಒಬಾ ತಪ್ಪು ಎಂದ. ಮನೆಗೆ ಮರಳಿದ್ದು ಮುಂಡ ಮಾತ್ರ. ತಲೆಯಿಲ್ಲದವನಿಗೆ ಹಿರಿಯರ ಲೋಕದ ದಾರಿ ಕಾಣುವುದಿಲ್ಲ, ಅವನೂ ನಿನ್ನ ಹಾಗೇ ಎಲ್ಲೋ ಅಲೆಯುತ್ತಿದ್ದಾನೆ ಎಂದಳು.

“ಒಳಗೇನಿದೆ ಅಂತ ನನಗೂ ಹೇಳು.”

“ಹೇಳಲ್ಲ. ಹೇಳಿಯೇ ಅವನನ್ನು ಕೊಂದೆ.” ಮುದುಕಿ ಸೋರೆಬುರುಡೆಯನ್ನು ಕೆಳಗಿಟ್ಟಳು. “ಅವನ ಮುಂದಿನ ಹಲ್ಲುಗಳ ನಡುವೆ ಸಂದಿದೆ. ಹುಡುಗಿಯರು ಅದಕ್ಕೇ ಮರುಳಾಗುತ್ತಿದ್ದರು.”

ಇಜೇರುವಿನಲ್ಲಿ ಮನುಷ್ಯನ ಮುಖ ನೋಡಿ ಯಾರೂ ಮಾತಾಡಿಸುವುದಿಲ್ಲ, ಕೊರಳು ನೋಡಿ ಮಾತಾಡಿಸುತ್ತಾರೆ. ಗಾಜಿನ ಮಣಿಯವನಿಗೆ ಒಂದು ನಮಸ್ಕಾರ, ಹವಳದವನಿಗೆ ಸಾಷ್ಟಾಂಗ. ಒಬಾನಿಗಂತೂ ಮಣಿಗಳ ಭಾರಕ್ಕೆ ಎದ್ದು ನಿಲ್ಲಲು ಎರಡು ಕಡೆ ಆಳು ಬೇಕು. ಕೊಲ್ಲಲು ಒಂದು ಬೆರಳು ಸಾಕು. ಕಿರೀಟದಿಂದ ಇಳಿಬಿದ್ದ ಮಣಿಗಳ ಜಾಲರಿಯ ಹಿಂದೆ ಅವನ ಮುಖ ಹೇಗಿದೆಯೆಂದು ಕಂಡವರಿಲ್ಲ.

ಮೊರೆನಿಕೆ ಅರಮನೆ ಸೇರಿದ ದಿನ ಒಗಟಿಗೆ ಮೊದಲು ನಿಂತವನು ಕುದುರೆ ವ್ಯಾಪಾರಿಯ ಮಗ. “ಗಾಯವಾಗದೆ ಸಾಲಿಗೆ ಸೇರದು, ಗಾಯ ಮುಚ್ಚಿದರೆ ಸಾಲಿನಲ್ಲಿ ಉಳಿಯದು. ಏನದು?” ಎಂದು ಒಬಾ ಕೇಳಿದ. “ತಮ್ಮ ದಂಡಿನ ಸೈನಿಕ, ದೊರೆ,” ಎಂದು ಹುಡುಗ ಹಲ್ಲು ಕಿರಿದ. ಬೆರಳು ಎದ್ದಿತು. ಆ ನಗು ಅಳಿಯುವ ಮೊದಲೇ ತಲೆ ಉರುಳಿತು.

ಎರಡನೆಯವನು ಕೊರಳ ತುಂಬ ಸರಗಳಿದ್ದ ನಾಯಕ. ಗಾಯವೆಂದರೆ ತೂತು, ಸಾಲೆಂದರೆ ಸರ, ಉತ್ತರ ಮಣಿ ಎಂದು ಗೆದ್ದ. ಒಬಾ ಮುಂದಿನದನ್ನು ಕೇಳಿದ: “ಭಿಕ್ಷುಕನೂ ಬೀದಿಯಲ್ಲಿ ತೋರಿಸುವಂಥದ್ದು. ನಾನು ತೋರಿಸಿದರೆ ಅರಸನಾಗಿ ಉಳಿಯೆ. ಏನದು?” ನಾಯಕ ಬೆವರೊರೆಸಿಕೊಂಡು, ಹಸಿವು ಎಂದ. ರಕ್ತ ತಾಗಿದರೆ ಮಣಿಗಳು ಮಾಸುತ್ತವೆಂದು ಮೊದಲು ಸರಗಳನ್ನು ಜೋಪಾನವಾಗಿ ತೆಗೆದಿಟ್ಟರು. ಆಮೇಲೆ ಕಡಿದರು.

ಬರಿಗೊರಳಿನ ಮೊರೆನಿಕೆ ಮುಂದೆ ಬಂದಾಗ ಸಭೆಗೆಲ್ಲ ನಗು.

“ಉಪ್ಪಿನವಳೇ, ನಿನ್ನ ತಲೆ ಕೆಡದ ಹಾಗೆ ಇಡಲು ಉಪ್ಪನ್ನೂ ನೀನೇ ತಂದಿದ್ದೀಯಲ್ಲ. ಒಳ್ಳೆಯವಳು,” ಎಂದ ಒಬಾ.

ಮೊದಲನೆಯದು ಮಣಿ, ಅದು ಆಗಲೇ ಬಯಲಾಗಿತ್ತು. ಎರಡನೆಯದು ಮುಖ, ಅದಕ್ಕೇ ಅಲ್ಲವೇ ಈ ಜಾಲರಿ ಎಂದಳು. ನಗು ನಿಂತಿತು.

“ಕಿರೀಟದ ಒಳಗೇನಿದೆ?”

ಸರಿಯುತ್ತರ ಹೇಳಿದವನೂ ಸತ್ತದ್ದು ಹೇಗೆಂದು ಅವಳು ದಾರಿಯುದ್ದಕ್ಕೂ ಯೋಚಿಸುತ್ತಲೇ ಬಂದಿದ್ದಳು. “ತಮಗೆ ಗೊತ್ತಿಲ್ಲದ್ದು ಇದೆ, ದೊರೆ,” ಎಂದಳು. “ಇದೇ ನನ್ನ ಉತ್ತರ. ತಪ್ಪು ಅನ್ನಬೇಕಾದರೆ ಸರಿ ಯಾವುದೆಂದು ತಾವು ತಿಳಿದಿರಬೇಕು. ತಿಳಿಯಬೇಕಾದರೆ ಒಳಗೆ ನೋಡಿರಬೇಕು. ಈಗ ತಪ್ಪು ಅನ್ನಿ.”

ಬೆರಳು ಎದ್ದಿತು, ಗಾಳಿಯಲ್ಲೇ ನಿಂತಿತು. ನೆಲ ನೋಡುತ್ತಿದ್ದ ಮುದಿ ನಾಯಕರೆಲ್ಲ ಈಗ ಕತ್ತೆತ್ತಿ ಆ ಬೆರಳನ್ನೇ ನೋಡುತ್ತಿದ್ದರು. ಅವರಲ್ಲೊಬ್ಬ ವಿಷದ ಬಟ್ಟಲಿಗೆ ಹೇಳಿಕಳಿಸಲೋ ಎಂಬಂತೆ ಬಾಗಿಲ ಕಡೆ ತಿರುಗಿದ. ಬೆರಳು ಮೆಲ್ಲಗೆ ಕೆಳಗಿಳಿಯಿತು.

“ಸರಿ,” ಎಂದಿತು ಜಾಲರಿಯ ಹಿಂದಿನ ದನಿ.

ಹವಳದ ಸರ ಕೊರಳಿಗೆ ಬಿತ್ತು. ಅವಳು ವರವಾಗಿ ದುರೋನ ತಲೆ ಬೇಡಿದಳು. ಒಬಾನ ದನಿಗೆ ಮತ್ತೆ ಜೀವ ಬಂತು. ಹೆಬ್ಬಾಗಿಲ ಮೇಲೆ ಬೇಕಾದಷ್ಟಿವೆ, ಆರಿಸಿಕೋ, ಬೇರೆಯವನದನ್ನು ಮುಟ್ಟಿದರೆ ಆ ಜಾಗಕ್ಕೆ ನಿನ್ನದು ಎಂದ. ಮೊರೆನಿಕೆ ಏಣಿ ಹತ್ತಿದಳು. ಕಾಗೆಗಳು ಕಣ್ಣು, ತುಟಿ ಎಲ್ಲ ತಿಂದು ಹಲ್ಲುಗಳನ್ನಷ್ಟೇ ಬಿಟ್ಟಿದ್ದವು. ಅವಳಿಗೆ ಬೇಕಾದದ್ದೂ ಅಷ್ಟೇ.

ಯೇಜಿದೆ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹಲ್ಲಿನ ಸಂದಿಯಲ್ಲಿ ಬೆರಳಾಡಿಸಿದಳು. ಗುಡಿಸಲ ಹಿಂದೆ ಮುಂಡ ಹೂತಿದ್ದ ಗುಂಡಿಯನ್ನು ಇಬ್ಬರೂ ತೋಡಿದರು.

“ಈಗಲಾದರೂ ಹೇಳು, ಅವ್ವಾ. ಒಳಗೇನಿತ್ತು?”

“ಬೆವರಿನ ಕಲೆ,” ಎಂದಳು ಮುದುಕಿ. “ನಿನ್ನ ಬುಟ್ಟಿಯಡಿಯ ಸಿಂಬಿಯಲ್ಲಿರುವಂಥದ್ದೇ.”

ಮುಂಡಕ್ಕೆ ತಲೆ ಸೇರಿಸಿಟ್ಟರೂ ನಡುವಿನ ಕಡಿತ ಕಾಣುತ್ತಲೇ ಇತ್ತು. ಆ ಸರವೊಂದಿದ್ದರೆ ಯಾವ ಊರಿನಲ್ಲೂ ಜನ ಮೊರೆನಿಕೆಗೆ ಸಾಷ್ಟಾಂಗ ಬೀಳುತ್ತಿದ್ದರು. ಅವಳು ಅದನ್ನು ಬಿಚ್ಚಿ ಕಡಿತದ ಸುತ್ತ ಕಟ್ಟಿದಳು. ಕಡಿತ ಮುಚ್ಚಿತು.

ದುರೋ ಎಂದರೆ ಅವರ ಮಾತಿನಲ್ಲಿ ‘ಇರು’ ಎಂದು. ಹುಟ್ಟಿದ ಮಕ್ಕಳೆಲ್ಲ ಸತ್ತ ಮೇಲೆ ಯೇಜಿದೆ ಇಟ್ಟ ಹೆಸರು ಅದು. ಈಗ ಅವಳು ಬಗ್ಗಿ ಮಗನ ಕಿವಿಯಿದ್ದ ಕಡೆ, “ಇನ್ನು ಹೊರಡಪ್ಪಾ,” ಎಂದಳು.

ನೀರಿನ ಋಣ ತೀರಿತು. ಬರಿಗೊರಳಿನ ಮೊರೆನಿಕೆ ಬುಟ್ಟಿ ತಲೆಗೇರಿಸಿ, ಕಡಲ ದಾರಿ ಯಾವುದೆಂದು ಕೇಳಿದಳು. ಮುದುಕಿ ಕೈಚಾಚಿ ತೋರಿಸಿದಳು.